ಹಲ್ಲಿನ ಲೆಕ್ಕ

ಮೂವತ್ತೊಂದು ವರ್ಷ ನಾನು ಗ್ರಿಮ್ಸ್‌ಬಿಯ ಜನಕ್ಕೆ
ಹಲ್ಲು ಕಟ್ಟಿಕೊಟ್ಟೆ.
ಮೀನುಪೇಟೆಯ ಹಮಾಲರಿಗೆ, ಉಗ್ಗುವ ಪಾದ್ರಿಗೆ,
ಮದುವೆಯ ಹಿಂದಿನ ರಾತ್ರಿ ಜಾರಿಬಿದ್ದ ಒಬ್ಬಳಿಗೆ.
ಒಬ್ಬರ ಮುಖವನ್ನೂ ನೋಡಲಿಲ್ಲ.
ನನ್ನ ಬಳಿ ಬರುತ್ತಿದ್ದುದು ಬಾಯಿಯ ಅಚ್ಚು ಮಾತ್ರ,
ಡಬ್ಬದಲ್ಲಿ, ಚೀಟಿ ಅಂಟಿಸಿಕೊಂಡು.

ಈಗ ಅದೇ ಚಿಮಟ, ಅದೇ ಮೇಣದ ಚಾಕು,
ಅದೇ ಸಣ್ಣ ಬೈರಿಗೆ.
ಅಡುಗೆಮನೆಯ ಮೇಜಿನ ಮೇಲೆ ದೀಪದ ಕುತ್ತಿಗೆ ಬಗ್ಗಿಸಿ
ಯಾವುದೋ ನಕ್ಷತ್ರದಾಚೆಯ ಹುಳುಗಳಿಗೆ
ಹಲ್ಲು ಕಟ್ಟುತ್ತೇನೆ.

ಪೆಟ್ಟಿಗೆಯಲ್ಲಿ ಬರುವುದು ಹನ್ನೆರಡು. ಹನ್ನೆರಡೂ ಒಂದೇ ಥರ:
ಎಡಗಾಲು ಮುಂದೆ, ಕೊಂಡಿ ಮೇಲೆ,
ಶಾಲೆಯ ಫೋಟೊಗೆ ನಿಂತ ಹಾಗೆ.
ನನಗದು ಆಗದು.
ಹುಳು ಎಂದಮೇಲೆ ಒಂದಾದರೂ ಎಡವಬೇಕು,
ಒಂದಾದರೂ ಇನ್ನೊಂದರ ಬೆನ್ನು ಹತ್ತಬೇಕು.
ಕತ್ತರಿಸುತ್ತೇನೆ. ಸೊಂಟ ತಿರುವುತ್ತೇನೆ.
ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿಯನ್ನೇ ಮೂಳೆಯಾಗಿಟ್ಟು
ಇದರ ಕುಡುಗೋಲನ್ನು ಅದರ ಹೆಗಲಿಗೆ ಸಿಗಿಸುತ್ತೇನೆ.
ಹಳದಿ ಪಟ್ಟಿ, ನೀಲಿ ಪಟ್ಟಿ ಸೇರಿಸಿ ನಾದಿದರೆ
ಹಸಿರು ಕಣಕ; ಗಂಟೆಯೊಂದೇ ಅದರ ಆಯಸ್ಸು.
ಅಷ್ಟರೊಳಗೆ ಸ್ನಾಯು, ನರ,
ಮೊಟ್ಟೆಚೀಲದ ಸುಕ್ಕು.
ಬೆರಳಿಗೆ ಉಗುಳು ಹಚ್ಚಿಕೊಳ್ಳದಿದ್ದರೆ ನಿಮಗೇ ಅಂಟುತ್ತದೆ.

ರಾಣಿಯ ಬೆನ್ನಿನ ಚಿಪ್ಪು ಪೇಟೆಯಿಂದಲೇ ಬಂತು,
ಓರ್ಮಂಡ್ ಕಾಗದದಲ್ಲಿ ಸುತ್ತಿಕೊಟ್ಟ ಏಡಿ.
ನಾನೂ ಬೆಕ್ಕೂ ತಿಂದೆವು. ಚಿಪ್ಪನ್ನು ಕುದಿಸಿ, ಒಣಗಿಸಿ,
ಮೂರು ದಿನ ಕಿಟಕಿ ತೆರೆದಿಟ್ಟೆ.
ವಾಸನೆ ಹೋಗಿದೆ ಎನ್ನುತ್ತೇನೆ ನಾನು.
ಬೆಕ್ಕು ಒಪ್ಪುವುದಿಲ್ಲ.

ಮೊದಲು ಕಪ್ಪು. ಮೈಗೆಲ್ಲ ಕಪ್ಪು, ಹಿತ್ತಲಲ್ಲಿ, ಗಾಳಿಯಿಲ್ಲದ ದಿನ.
ಈ ಊರಿನಲ್ಲಿ ಅಂಥ ದಿನ ವರ್ಷಕ್ಕೆ ನಾಲ್ಕು.
ಆಮೇಲೆ ಎಲುಬಿನ ಬಿಳುಪು, ಅರೆ ಒಣಗಿದ ಕುಂಚದಿಂದ,
ಏಣುಗಳ ಮೇಲೆ ಸವರಿದಷ್ಟೇ.
ಆಮೇಲೆ ತೆಳ್ಳನೆಯ ಕಂದು, ಹಾಲಿಲ್ಲದ ಚಹಾದಂಥದು,
ತಾನೇ ಹರಿದು, ತಗ್ಗು ಹುಡುಕಿ ನಿಲ್ಲುತ್ತದೆ.
ನೆರಳು ಎಲ್ಲಿರಬೇಕೆಂದು ನನಗಿಂತ ಅದಕ್ಕೆ ಗೊತ್ತು.

ಒಸಡಿನ ವಿಷಯದಲ್ಲಿ ಮಾತ್ರ ಅಂಗಡಿಯ ಬಣ್ಣವನ್ನು ನಂಬಲಾರೆ.
ಒಸಡು ಗುಲಾಬಿಯಲ್ಲ.
ಕೊಂಚ ನೇರಳೆ, ಕೊಂಚ ಬೂದಿ,
ಹಲ್ಲಿನ ಬುಡದಲ್ಲಿ ಬಿಳಿಚಿಕೊಂಡ ಒಂದು ಗೆರೆ:
ಅರ್ಧ ಆಯುಷ್ಯ ಇದನ್ನೇ ಬೆರೆಸಿದ್ದೇನೆ.
ಕಡೆಗೆ ನಾಲಿಗೆಗೆ ಎರಡು ಹನಿ ಹೊಳಪು ವಾರ್ನಿಶ್,
ಈಗತಾನೇ ಏನನ್ನೋ ತಿಂದು ಬಂದ ಹಾಗೆ.

ನಾಲ್ಕು ತಿಂಗಳು ಹಿಡಿಯಿತು ರಾಣಿಗೆ.

ಗುರುವಾರ, ಚರ್ಚಿನ ಸಭಾಂಗಣ. ಮಡಚುವ ಮೇಜು,
ಥರ್ಮಕೋಲಿನ ಗುಡ್ಡ, ಮೆತ್ತಗಾದ ಬಿಸ್ಕತ್ತು.
ಎದುರಿಗೆ ಎಲಿಸ್, ಹದಿಮೂರು ವರ್ಷ,
ನಗುವಾಗ ಬಾಯಿಗೆ ಕೈ ಅಡ್ಡ ಇಡುವ ಹುಡುಗ.
ಅವನ ಸೈನಿಕರಿಗೆ ಬಣ್ಣವಿಲ್ಲ,
ಬೂದು ಪ್ಲಾಸ್ಟಿಕ್ಕು, ಒಬ್ಬನಿಗೆ ತಲೆಯೂ ಇಲ್ಲ.
ದಾಳ ಉರುಳಿಸಿದ. ಆರು. ಆರು. ಐದು. ಮತ್ತೆ ಆರು.
ಮೊದಲ ಸುತ್ತಿನಲ್ಲೇ ರಾಣಿ ಸತ್ತಳು.

ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ,
ಅವಳಿಗೆ ಒಂದೇ ಬಾಯಲ್ಲಿ ನಲವತ್ತನಾಲ್ಕು ಹಲ್ಲು,
ಒಬ್ಬನನ್ನೂ ಕಚ್ಚಲಿಲ್ಲ.

ಎತ್ತಿ ಪಕ್ಕಕ್ಕಿಡಬೇಕಾದವನು ಎತ್ತಿ ಹಿಡಿದೇ ನಿಂತ,
ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ.
ಬಾಯೊಳಗೆ ಇಣುಕಿದ.
ನಾನು ಕಟ್ಟಿದ ಬಾಯನ್ನು ಯಾರಾದರೂ
ನನ್ನೆದುರೇ ನೋಡಿದ್ದು ಅದೇ ಮೊದಲು.
ಉಸಿರಾಡಲಿಲ್ಲ ನಾನು.

"ಮಿಸೆಸ್ ಥಾರಟ್, ಇಲ್ಲೊಂದು ಹಲ್ಲು ಸೊಟ್ಟ ಇದೆ."
"ಗೊತ್ತು. ಬೇಕೆಂದೇ ಇಟ್ಟೆ.
ಎಲ್ಲವೂ ನೆಟ್ಟಗಿದ್ದರೆ ಯಾರೂ ನಂಬುವುದಿಲ್ಲ, ಕಟ್ಟಿಸಿದ ಹಲ್ಲು ಅಂತಾರೆ."
ಸ್ವಲ್ಪ ಹೊತ್ತು ಯೋಚಿಸಿದ.
ನಕ್ಕ. ಎರಡೂ ಕೈಯಲ್ಲಿ ರಾಣಿಯಿದ್ದಳು.

ಆಮೇಲೆ ಅವಳನ್ನು ಮೆಲ್ಲಗೆ ಬಿಸ್ಕತ್ತಿನ ತಟ್ಟೆಯ ಪಕ್ಕ ಮಲಗಿಸಿ
ದಾಳ ಕೈಗೆತ್ತಿಕೊಂಡು
ನನ್ನ ಇನ್ನೂ ಮೂರು ಹುಳುಗಳನ್ನು ಕೊಂದ.